ಮಂಗಳೂರಿಂದ ಆ ಹಾಯಿದೋಣಿ ತರೋದಾ ಬೇಡ್ವಾ

ಎರಡು ವಾರದಿಂದ ತಲೇಲಿ ಇದೊಂದೇ ವಿಷ್ಯ ಓಡ್ತಿದೆ. ಮಂಗಳೂರಲ್ಲಿ ಪರಿಚಯದ ಹಿರಿಯರೊಬ್ರ ಹಿತ್ತಲಲ್ಲಿ ಒಂದು ಹಳೇ ಎಂಟರ್‌ಪ್ರೈಸ್ ಹಾಯಿದೋಣಿ ಬೋರಲು ಹಾಕಿದಾರೆ, ಕಾಸೇನೂ ಬೇಡ ತಗೊಂಡು ಹೋಗಿ ಅಂದ್ರು. ಈ ಮಾದರಿ ದೋಣೀನ 1956ರಲ್ಲಿ ಇಂಗ್ಲೆಂಡಿನ ಜ್ಯಾಕ್ ಹೋಲ್ಟ್ ಡಿಸೈನ್ ಮಾಡಿದ್ದು, ಪ್ಲೈವುಡ್ಡಲ್ಲಿ ಮನೇಲೇ ಕಟ್ಕೋಬೋದು, ಇಬ್ರು ಕೂತು ಓಡಿಸೋದು, ನೀಲಿ ಹಾಯಿ ನೋಡಿದ್ರೇನೇ ಗೊತ್ತಾಗುತ್ತೆ.

ಹೋದ ಭಾನುವಾರ ನಮ್ಮ ಬೀದಿ ಆಚಾರ್ರನ್ನ ಕೂರಿಸ್ಕೊಂಡು ಮೈಸೂರಿಂದ ಮಡಿಕೇರಿ, ಸಂಪಾಜೆ ಮೇಲೆ ಹೋಗಿ ನೋಡ್ಕೊಂಡು ಬಂದೆ. ಅವರು ಬಾಗಿಲು ಚೌಕಟ್ಟು ಮಾಡೋರು, ದೋಣಿ ಮುಟ್ಟಿದ್ದೇ ಇಲ್ಲ, ಆದ್ರೆ ಮರ ಗೊತ್ತು. ಉಳಿ ತಿರುಗಿಸಿ ಹಿಡ್ಕೊಂಡು ಹಿಡಿಯಿಂದ ಮುಂದಿಂದ ಬಡೀತಾ ಬಂದ್ರು, ಅಲ್ಲೀತನಕ ಟಣ್ ಟಣ್ ಅಂತಿದ್ದ ಸದ್ದು ಹಿಂದಿನ ಹಲಗೆಯ ಎಡಮೂಲೆಗೆ ಬಂದಾಗ ದೊಬ್ಬ ಅಂತು. ಅಲ್ಲಿ ಉಳಿ ಒತ್ತಿದ್ರೆ ಒದ್ದೆ ಕಾಫಿ ಚರಟದ ಥರ ಕಂದು ಪುಡಿ ಬಂತು. "ಮರ ಸತ್ತಿಲ್ಲ ಸಾ, ಮೂಲೆ ಸತ್ತೈತೆ" ಅಂದ್ರು. ನಡುವೆ ಸೆಂಟರ್‌ಬೋರ್ಡ್ (ದೋಣಿ ಪಕ್ಕಕ್ಕೆ ಜಾರದ ಹಾಗೆ ನೀರಿಗಿಳಿಸೋ ಹಲಗೆ) ಇಳಿಯೋ ಪೆಟ್ಟಿಗೆ ಬುಡದಲ್ಲೂ ಸಂದು ಬಿಟ್ಟಿದೆ, ಹಳೇ ಪ್ಲೈ ದೋಣಿ ಸೋರೋದು ಜಾಸ್ತಿ ಅಲ್ಲಿಂದ್ಲೇ.

ನನಗೆ ಇದ್ದ ಭಯಾನೇ ಬೇರೆ. ಕೊಳೆತ ಕಡೆ ಕತ್ತರಿಸಿ ಹೊಸ ಪ್ಲೈ ಕೂರಿಸಿ ಎಪಾಕ್ಸಿ ಅಂಟು ಹಾಕ್ಬೋದು, ಆದ್ರೆ ವರ್ಷಗಟ್ಲೆ ಎರಡು ಕಲ್ಲಿನ ಮೇಲೆ ಬಿದ್ದು ಒಡಲೇ ತಿರುಚ್ಕೊಂಡಿದ್ರೆ ಅದನ್ನ ನೆಟ್ಟಗೆ ಮಾಡೋಕೆ ನಮ್ಮ ಕೈಲಾಗಲ್ಲ, ಅಂಥದ್ದನ್ನ ಅಲ್ಲೇ ಬಿಟ್ಟು ಬರ್ಬೇಕು. ಆಚಾರ್ರು ಎರಡು ನೇರ ರೀಪರ್ ತಗೊಂಡು ಮುಂದೊಂದು ಹಿಂದೊಂದು ಅಡ್ಡ ಇಟ್ಟು, ಕುಕ್ಕರಗಾಲಲ್ಲಿ ಕೂತು ಒಂದು ಕಣ್ಣು ಮುಚ್ಚಿ ನೋಡಿದ್ರು. ಎರಡೂ ಒಂದೇ ಗೆರೇಲಿದ್ವು, ಅಂದ್ರೆ ಒಡಲು ತಿರುಚಿಲ್ಲ. ನಾನೂ ಮೂರು ಸಲ ಕೂತು ನೋಡಿದೆ.

ಇನ್ನು ತರೋದು. ದೋಣಿ 13 ಅಡಿ ಮೇಲಿದೆ, ಚೋಟಾ ಹಾಥಿಗೆ ಹಿಡಿಯಲ್ಲ, 14 ಅಡಿ ಕ್ಯಾಂಟರ್‌ಗೆ 16 ಸಾವಿರ ಕೇಳ್ತಿದಾರೆ. ಕೆಳಗೆ ಹಳೇ ಟೈರ್ ಹಾಕ್ಬೇಕು, ಬೆಲ್ಟ್ ಬಿಗಿದ್ರೆ ಪ್ಲೈ ಬಿರುಕು ಬಿಡುತ್ತೆ ಅಂತ ಒಳಗೆ ಅಡ್ಡ ಹಲಗೆ ಕೊಡ್ಬೇಕು, ಹಾಯಿ ಕಟ್ಟೋ ಕಂಬ (ಮಾಸ್ಟ್) ದೋಣಿಗಿಂತ ಉದ್ದ ಇರೋದ್ರಿಂದ ಕ್ಯಾಬಿನ್ ಮೇಲಿಂದ ಮುಂದಕ್ಕೆ ಚಾಚ್ಕೊಳ್ಳುತ್ತೆ, ಘಾಟಿ ತಿರುವಲ್ಲಿ ಎದುರಿಂದ ಬಸ್ಸು ಬಂದ್ರೆ ಅಂತ ನೆನೆಸ್ಕೊಂಡ್ರೇ ಎದೆ ಢವಗುಟ್ಟುತ್ತೆ. ಅದಕ್ಕೇ ಮಳೆ ನಿಂತ ಮೇಲೇನೇ.

ಮನೇಲಿ ಇವಳು ಕೇಳಿದ್ದು ಒಂದೇ ಮಾತು, "ರೀ, ನೀರಿಗೆ ಬಿಡೋದೆಲ್ಲಿ?" ಕನ್ನಂಬಾಡಿ ಹಿನ್ನೀರಿದೆ, ಅನುಮತಿ ಕೇಳ್ಕೊಂಡೇ ಇಳಿಸ್ತೀನಿ. ಕಟ್ಟೆ 124.80 ಅಡಿ ತುಂಬಿದಾಗ ಆ ನೀರಿನ ಹರವು, ಮೇಲೆ ಬೀಸೋ ಗಾಳಿ ನೋಡಿದೋರಿಗೆ ನಾನು ಯಾಕೆ ಇಷ್ಟು ಒದ್ದಾಡ್ತಿದೀನಿ ಅಂತ ಗೊತ್ತಾಗುತ್ತೆ.

ನಿನ್ನೆ ರಾತ್ರಿ ಹಿರಿಯರಿಗೆ ಫೋನ್ ಮಾಡ್ದೆ. "ನೀರಿಗೆ ಬಿಡುದಾದ್ರೆ ಮಾತ್ರ ಕೊಂಡೋಗಿ ಮಾರಾಯ್ರೆ, ಶೋಗೆ ಇಡುದಾದ್ರೆ ಬೇಡ" ಅಂದ್ರು. ತರ್ತೀನಿ ಅಂದೆ. ಐಎಸ್ 710 ಮಾರ್ಕಿರೋ, ನೀರು ತಡೆಯೋ ಮೆರೈನ್ ಪ್ಲೈ ಎಷ್ಟು ಬೇಕು ಅಂತ ಆಚಾರ್ರು ಆಗ್ಲೇ ಚೀಟೀಲಿ ಅಳತೆ ಬರ್ಕೊಂಡಿದಾರೆ.