ಎದೆಗೆ ಗುಂಡು ಬಿದ್ದವರೆಲ್ಲ ಆಪರೇಷನ್ ಥಿಯೇಟರ್‌ಗೆ (ಓಟಿ) ಹೋಗಬೇಕಿಲ್ಲ

ಮೊನ್ನೆ ನಮ್ಮ ಆಸ್ಪತ್ರೆಯಲ್ಲಿ ಮಾಸ್ ಕ್ಯಾಜುಯಲ್ಟಿ ಡ್ರಿಲ್, ಅಂದರೆ ಒಮ್ಮೆಗೇ ತುಂಬಾ ಗಾಯಾಳುಗಳು ಬಂದರೆ ಏನು ಮಾಡಬೇಕೆಂಬ ತಾಲೀಮು ನಡೆಯಿತು. ಚೀಟಿಯಲ್ಲಿ 'ಎದೆಗೆ ಗುಂಡು' ಎಂದಿದ್ದವರನ್ನೆಲ್ಲ ಪಿಜಿ ಹುಡುಗರು ಸೀದಾ ಓಟಿಗೆ ತಳ್ಳಿದರು. ಟೇಬಲ್ ಇರುವುದು ಎರಡು, ಬಾಗಿಲಲ್ಲಿ ಆರು ಟ್ರಾಲಿ. ಆಡ್ಮಿನ್‌ನವರು ಖುಷಿಯಿಂದ ಫೋಟೋ ತೆಗೆಸಿಕೊಂಡರು. ಹುಡುಗರನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಮುಂಬೈ ಮೇಲೆ ಉಗ್ರರ ದಾಳಿ ನಡೆದ 2008ರ ನವೆಂಬರ್ 26ರ ರಾತ್ರಿ ನಾನೂ ಅದನ್ನೇ ಮಾಡಲು ಹೊರಟಿದ್ದೆ.

ಆಗ ಮುಂಬೈಯ ಒಂದು ಸರ್ಕಾರಿ ಆಸ್ಪತ್ರೆಯಲ್ಲಿ ಸರ್ಜರಿ ರಿಜಿಸ್ಟ್ರಾರ್ (ಸರ್ಜರಿ ಕಲಿಯುತ್ತಿದ್ದ ವೈದ್ಯ) ಆಗಿದ್ದೆ. ಹತ್ತು ಗಂಟೆ ದಾಟಿದ ಮೇಲೆ ಸಿಎಸ್‌ಟಿ ಸ್ಟೇಷನ್‌ನಿಂದ ಜನ ಬರತೊಡಗಿದರು. ಎಕೆ-47ರ ಗುಂಡು, ಗ್ರೆನೇಡ್ ಚೂರು. ಊರಿನ ರೈಲಿಗೆ ಕಾದು ಕೂತಿದ್ದವರು. ಆ ಸ್ಟೇಷನ್ ಒಂದರಲ್ಲೇ 50ಕ್ಕೂ ಹೆಚ್ಚು ಜನ ಸತ್ತರು.

ಒಬ್ಬನಿಗೆ ಬಲ ಎದೆಗೆ ಗುಂಡು. ಉಸಿರಿಗೆ ಒದ್ದಾಡುತ್ತ ಕಿರುಚುತ್ತಿದ್ದ. ಹೌಸ್‌ಮನ್ (ಕಿರಿಯ ವೈದ್ಯ) ಐಸಿಡಿ, ಅಂದರೆ ಎದೆಯೊಳಗಿನ ಗಾಳಿ, ರಕ್ತ ಹೊರಗೆ ಬಿಡುವ ಟ್ಯೂಬ್ ಹಾಕಿದ ಕೂಡಲೇ ಬಾಟಲಿಗೆ 800 ಎಂಎಲ್ ರಕ್ತ ಬಂತು. ಥೊರಾಕಾಟಮಿಗೆ (ಎದೆ ತೆರೆಯುವ ಆಪರೇಷನ್‌ಗೆ) ಟೇಬಲ್ ಬೇಕು ಎಂದು ನಾನು ಕೂಗಿದೆ.

'ಬಾಟಲಿಗೆ ಗೆರೆ ಎಳೆದು ಟೈಮ್ ಬರಿ. ಟೇಬಲ್ ಕೊಡಲ್ಲ' ಎಂದರು ನನ್ನ ಮೇಲಿನ ಸರ್ಜನ್ ಆಗಿದ್ದ ಲೆಕ್ಚರರ್.

ಸಿಟ್ಟು ನೆತ್ತಿಗೇರಿತು. ಕಣ್ಣೆದುರಿಗೆ ಮನುಷ್ಯ ಸಾಯುತ್ತಿದ್ದಾನೆ, ಇವರು ಗೆರೆ ಎಳಿ ಅಂತಾರಲ್ಲ! ಆದರೂ ಪ್ಲಾಸ್ಟರ್ ಅಂಟಿಸಿ ಗೆರೆ ಎಳೆದೆ. ಐದು ನಿಮಿಷಕ್ಕೊಮ್ಮೆ ಬಗ್ಗಿ ನೋಡಿದೆ. ರಕ್ತ ಗೆರೆ ದಾಟುತ್ತಿತ್ತು, ಆದರೆ ನಿಧಾನವಾಗಿ. ಆಮೇಲೆ ಇನ್ನೂ ನಿಧಾನ.

ಪರೀಕ್ಷೆಗೆ ಓದಿದ್ದೆ, ಕೈಗೆ ಬಂದಿರಲಿಲ್ಲ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ಕಡಿಮೆ. ಗಾಳಿ, ರಕ್ತ ಹೊರಗೆ ಹೋದರೆ ಶ್ವಾಸಕೋಶ ಉಬ್ಬಿ ಗೋಡೆಗೆ ಒತ್ತಿಕೊಳ್ಳುತ್ತದೆ, ಸೋರುವುದು ಹೆಚ್ಚಾಗಿ ತಾನೇ ನಿಲ್ಲುತ್ತದೆ. ಇಂಥ ಗಾಯಗಳಲ್ಲಿ ಸುಮಾರು ಶೇಕಡಾ 85 ಐಸಿಡಿಗೇ ಮುಗಿಯುತ್ತವೆ. ಒಮ್ಮೆಗೇ 1500 ಎಂಎಲ್ ಬಂದರೆ, ಅಥವಾ ಗಂಟೆಗೆ 200ರಂತೆ ಎರಡರಿಂದ ನಾಲ್ಕು ಗಂಟೆ ಬರುತ್ತಲೇ ಇದ್ದರೆ ಎದೆ ತೆರೆಯಬೇಕು. ಪಕ್ಕೆಲುಬಿನ ಅಪಧಮನಿ ಹರಿದಿದ್ದರೆ ಹಾಗೆ ಸುಮ್ಮನಾಗುವುದಿಲ್ಲ, ಅದಕ್ಕೆ ಹೃದಯದ ಪೂರ್ತಿ ಒತ್ತಡ ಇರುತ್ತದೆ.

ಅಷ್ಟರಲ್ಲಿ ಮಾವಶಿ (ವಾರ್ಡಿನ ಆಯಾ) ತೋಳು ಜಗ್ಗಿದಳು. ಗೋಡೆಗೆ ಒರಗಿ ಕೂತಿದ್ದ ಮನುಷ್ಯ ಈಗ ಮಾತಾಡುತ್ತಿಲ್ಲ ಎಂದಳು. ಸ್ವಲ್ಪ ಕಾಯಬಹುದು ಎಂದು ನಾನೇ ಆತನಿಗೆ ಹಳದಿ ಪಟ್ಟಿ ಕಟ್ಟಿ ಬಂದಿದ್ದೆ. ಎದೆಮೂಳೆಯ ಎಡಕ್ಕೆ ಜೋಳದ ಕಾಳಿನಷ್ಟು ತೂತು, ರಕ್ತವೇ ಇಲ್ಲ. ಈಗ ನೋಡಿದರೆ ಬಿಪಿ 80ಕ್ಕೆ ಇಳಿದಿದೆ, ಕುತ್ತಿಗೆಯ ನರ ಉಬ್ಬಿವೆ. ಹೃದಯದ ಸುತ್ತ ರಕ್ತ ತುಂಬಿ ಅದನ್ನು ಒತ್ತುತ್ತಿರುವ ಲಕ್ಷಣ. ಆ ಗದ್ದಲದಲ್ಲಿ ಸ್ಟೆತ್‌ನಲ್ಲಿ ಏನು ಕೇಳಿಸುತ್ತದೆ? ಸೋನೋಗ್ರಫಿ ಮಷಿನ್ ರೇಡಿಯಾಲಜಿ ರೂಮಿನಲ್ಲಿ. ರೂಮಿಗೆ ಬೀಗ. ಕೀಲಿ ಯಾರ ಹತ್ತಿರ ಅಂತ ಕೇಳಿದರೆ ಮೂವರು ಮೂರು ಹೆಸರು ಹೇಳಿದರು.

ಲೆಕ್ಚರರ್ ಮಷಿನ್‌ಗೆ ಕಾಯಲಿಲ್ಲ. ನಾನು ಜಗಳವಾಡಿ ಕೇಳಿದ್ದ ಟೇಬಲ್ ಖಾಲಿ ಇತ್ತಲ್ಲ, ಅಲ್ಲಿಗೇ ಒಯ್ದರು. ಸ್ಟರ್ನಾಟಮಿ ಮಾಡಿ (ಎದೆಮೂಳೆ ಸೀಳಿ) ಹೃದಯದ ಸುತ್ತಲಿನ ಚೀಲವಾದ ಪೆರಿಕಾರ್ಡಿಯಂ ಕತ್ತರಿಸಿದ್ದೇ ತಡ, ಹೆಪ್ಪುಗಟ್ಟಿದ ರಕ್ತ ಹೊರಗೆ ಬಂತು, ಬಿಪಿ ಏರಿತು. ಹೃದಯದ ಬಲ ವೆಂಟ್ರಿಕಲ್‌ನಲ್ಲಿ (ಕೆಳಗಿನ ಕೋಣೆಯಲ್ಲಿ) ಸಣ್ಣ ತೂತು. ಅದರ ಮೇಲೆ ನನ್ನ ಬೆರಳು, ಪಕ್ಕದಲ್ಲಿ ಅವರ ಪ್ರೋಲಿನ್ ದಾರದ ಹೊಲಿಗೆ.

ಹೌಸ್‌ಮನ್‌ಗಳಿಗೆ ಈಗಲೂ ಹೇಳುತ್ತೇನೆ: ಗ್ರೆನೇಡ್ ಚೂರಿನ ಗಾಯ ಎಂದರೆ ಅಂಗಿ ಪೂರ್ತಿ ಕತ್ತರಿಸಿ. ಮಗ್ಗುಲು ಹೊರಳಿಸಿ ಬೆನ್ನು ನೋಡಿ, ಕಂಕುಳು ನೋಡಿ. ಕಿರುಚುವವನಿಗೆ ಕಿರುಚಲು ಉಸಿರಾದರೂ ಇದೆ. ಸುಮ್ನೆ ಕೂತವನ ಹತ್ತಿರ ಮತ್ತೆ ಮತ್ತೆ ಹೋಗಿ.

ಬಲ ಎದೆಯವನ ಬಾಟಲಿಗೆ ಬೆಳಗಿನ ಜಾವ ಗಂಟೆಗೆ 30 ಎಂಎಲ್ ಕೂಡ ಬರುತ್ತಿರಲಿಲ್ಲ. ಎಕ್ಸ್‌ರೇಯಲ್ಲಿ ಶ್ವಾಸಕೋಶ ಚೆನ್ನಾಗಿ ಅರಳಿತ್ತು.

ಎಲ್ಲರದ್ದೂ ಹಾಗಾಗಲಿಲ್ಲ. ಟ್ಯೂಬ್ ಹಾಕಿದ ಮೇಲೂ ಒಳಗೆ ಹೆಪ್ಪು ಉಳಿದವರಿದ್ದರು. ಬಿಟ್ಟರೆ ಕೀವಾಗುತ್ತದೆ. ಅವರನ್ನು ಅದೇ ವಾರ ಮತ್ತೆ ಓಟಿಗೆ ಒಯ್ದು ಹೆಪ್ಪು ತೆಗೆದೆವು. ಉಳಿದವರನ್ನು ನೋವಿನಲ್ಲೇ ಕೆಮ್ಮಿಸಬೇಕು, ಕೂರಿಸಬೇಕು, ನಡೆಸಬೇಕು. ಜಾಸ್ತಿ ಕೈ ಬೇಕಾಗಿದ್ದದ್ದೇ ಆಗ. ಆದರೆ ಮಂತ್ರಿಗಳ ಭೇಟಿ ಮುಗಿದಿತ್ತು. ಬೇರೆ ವಾರ್ಡಿನಿಂದ ಕರೆಸಿದ್ದ ಸಿಸ್ಟರ್‌ಗಳನ್ನೆಲ್ಲ ವಾಪಸ್ ಕಳಿಸಿಯಾಗಿತ್ತು.