ವಿದ್ಯಾನಗರದಲ್ಲಿ ಹುಟ್ಟಿದ ಪ್ರಶ್ನೆ

ಕಾಸರಗೋಡು ಸರಕಾರಿ ಕಾಲೇಜಿನ ಕನ್ನಡ ವಿಭಾಗದಲ್ಲಿ ಓದಿದವಳು ನಾನು. ಈಗ ಮಾಧ್ಯಮ ಅಧ್ಯಯನ ನನ್ನ ಕೆಲಸ. ಸಿನಿಮಾ, ಟಿವಿ, ಪತ್ರಿಕೆಗಳು ಲೈಂಗಿಕತೆಯ ಬಗ್ಗೆ ಹೇಗೆ ಮಾತಾಡುತ್ತವೆ, ಆ ಮಾತಿನಲ್ಲಿ ಯಾರ ದನಿ ಅಡಗಿಹೋಗುತ್ತದೆ ಎಂದು ಹುಡುಕುತ್ತೇನೆ. ಇದನ್ನೆಲ್ಲ ದೊಡ್ಡ ಊರಿಗೆ ಹೋಗಿ ಕಲಿತಳು ಎಂದು ಹಲವರು ತಿಳಿದಿದ್ದಾರೆ. ಶುರುವಾದದ್ದು ಆ ಕಾಲೇಜು ಇರುವ ವಿದ್ಯಾನಗರದಲ್ಲೇ.

ನಮ್ಮ ಸರ್ ಒಂದು ದಿನ ಯಕ್ಷಗಾನ ಕವಿ ಪಾರ್ತಿಸುಬ್ಬನ 'ಪಂಚವಟಿ' ಪ್ರಸಂಗ ಪಾಠ ಮಾಡುತ್ತಿದ್ದರು. ಪಾರ್ತಿಸುಬ್ಬ ಅಂದರೆ ನಮ್ಮ ಕುಂಬಳೆಯವನು, ಅವನ ಪದಗಳು ನಮಗೆ ಬಾಯಿಪಾಠ. ಸರ್ ತಟ್ಟನೆ ಕೇಳಿದರು: "ಶೂರ್ಪನಖಿ ತನ್ನ ಆಸೆಯನ್ನು ಬಾಯಿಬಿಟ್ಟು ಹೇಳಿದಳು. ಮೂಗು ಹೋದದ್ದು ಯಾವ ತಪ್ಪಿಗೆ?" ಕ್ಲಾಸು ಸುಮ್ಮನಾಯಿತು. ಅವರು ಅಲ್ಲಿಗೇ ಬಿಡಲಿಲ್ಲ. ಆಟದಲ್ಲಿ ಮಾಯಾಶೂರ್ಪನಖಿಯ, ಅಂದರೆ ಚೆಲುವೆಯ ರೂಪ ತಾಳಿ ಬರುವ ಶೂರ್ಪನಖಿಯ, ವೇಷ ಕಟ್ಟುವವರು ಗಂಡಸರೇ ಅಲ್ವಾ? ಆ ಒನಪನ್ನು ಬೆಳಗಿನವರೆಗೆ ಮೆಚ್ಚಿ ನೋಡುವ ನಾವು, ಹಗಲಲ್ಲಿ ಒಬ್ಬ ಹುಡುಗ ಹಾಗೆ ನಡೆದರೆ ಯಾಕೆ ನಗುತ್ತೇವೆ? ಇಷ್ಟು ಧೈರ್ಯದ ಪಾಠವನ್ನು ನಾನು ಮತ್ತೆಲ್ಲೂ ಕೇಳಲಿಲ್ಲ.

ಮುಂದೆ, ಇಬ್ಬರು ಹೆಂಗಸರ ಪ್ರೀತಿಯ ಕತೆ ಹೇಳುವ 'ಫೈರ್' ಸಿನಿಮಾದ ಗಲಾಟೆಯ ಬಗ್ಗೆ ಓದುವಾಗ ಆ ಪ್ರಶ್ನೆಯೇ ಕೈಹಿಡಿಯಿತು. ಸೆನ್ಸಾರ್ ಒಪ್ಪಿದ್ದ ಚಿತ್ರ ಅದು. ಆದರೂ 1998ರ ಡಿಸೆಂಬರಿನಲ್ಲಿ ಮುಂಬೈ, ದೆಹಲಿಯ ಚಿತ್ರಮಂದಿರಗಳ ಮೇಲೆ ದಾಳಿಯಾಯಿತು. ಒಂದು ಕಡೆಯವರು ಸಂಸ್ಕೃತಿ ಎಂದರು, ಇನ್ನೊಂದು ಕಡೆಯವರು ಅಭಿವ್ಯಕ್ತಿ ಸ್ವಾತಂತ್ರ್ಯ ಎಂದರು. ಹೆಣ್ಣನ್ನು ಪ್ರೀತಿಸುವ ಹೆಣ್ಣಿನ ಮಾತು ನಡುವೆ ಕಳೆದುಹೋಗುವುದರಲ್ಲಿತ್ತು. ದೆಹಲಿಯ ರೀಗಲ್ ಚಿತ್ರಮಂದಿರದ ಹೊರಗೆ ಮಹಿಳೆಯರು ಸೇರಿದರು. ತಾವು ಭಾರತೀಯರೂ ಹೌದು, ಲೆಸ್ಬಿಯನ್ನರೂ ಹೌದು ಎನ್ನುವ ಫಲಕ ಅಲ್ಲಿ ಕಾಣಿಸಿತು. ನನ್ನ ಮಟ್ಟಿಗೆ ಇಡೀ ಗಲಾಟೆಯಲ್ಲಿ ಮುಖ್ಯವಾದದ್ದು ಆ ಫಲಕ.

ಈಚಿನ ಉದಾಹರಣೆ ನಮ್ಮ ರಾಜ್ಯದ್ದೇ. ಟ್ರಾನ್ಸ್‌ಜೆಂಡರ್ ನೀತಿಯನ್ನು ಕೇರಳ 2015ರಲ್ಲೇ ತಂದಿತ್ತು. 2017ರಲ್ಲಿ ಕೊಚ್ಚಿ ಮೆಟ್ರೋ ಟ್ರಾನ್ಸ್‌ಜೆಂಡರ್ ಜನರಿಗೆ ಕೆಲಸ ಕೊಟ್ಟಾಗ ಎಲ್ಲೆಡೆ ನಗುಮುಖದ ಫೋಟೋಗಳು ಬಂದವು. ಕೆಲವೇ ದಿನಗಳಲ್ಲಿ ಅವರಲ್ಲಿ ಕೆಲವರು ಕೆಲಸ ಬಿಟ್ಟರು. ಉಳಿಯಲು ಬಾಡಿಗೆಗೆ ಜಾಗ ಕೊಡುವವರಿರಲಿಲ್ಲ. ಮೆಟ್ರೋದಲ್ಲಿ ಅವರನ್ನು ನೋಡಿ ಖುಷಿಪಟ್ಟ ಊರು ಪಕ್ಕದ ಮನೆಯಲ್ಲಿ ಬೇಡ ಅಂದಿತು. ಸರ್ ಹೇಳಿದ್ದು ಇದನ್ನೇ.

ಗಡಿನಾಡಿನವರಿಗೆ ಈ ಕೆಲಸದಲ್ಲಿ ಒಂದು ದೊಡ್ಡ ಅನುಕೂಲ ಇದೆ. ನಾವು ಕನ್ನಡ, ಮಲಯಾಳ ಎರಡನ್ನೂ ಓದುತ್ತೇವೆ, ತುಳುವಿನಲ್ಲಿ ಹರಟುತ್ತೇವೆ. 2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟ್, ವಯಸ್ಕರು ಒಪ್ಪಿ ನಡೆಸುವ ಸಲಿಂಗ ಸಂಬಂಧ ಅಪರಾಧವಲ್ಲ ಎಂದಿತು. ಮರುದಿನದ ಕನ್ನಡ, ಮಲಯಾಳ ಪತ್ರಿಕೆಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಯಾರ ಫೋಟೋ ಹಾಕಿದ್ದಾರೆ? ಯಾರ ಅಭಿಪ್ರಾಯ ಕೇಳಿದ್ದಾರೆ? ಎಂ.ಎ. ಪ್ರಬಂಧಕ್ಕೆ ವಿಷಯ ಹುಡುಕುತ್ತಿರುವವರು ಯಾರಾದರೂ ಇದನ್ನು ತೆಗೆದುಕೊಂಡರೆ ನನಗೆ ತುಂಬಾ ಸಂತೋಷ. ಓದಿ ತಿದ್ದಿಕೊಡಲು ನಾನಿದ್ದೇನೆ.