ಒಣ ಈರುಳ್ಳಿ: ಮುಚ್ಚಳ ನಿರಪರಾಧಿ

ಅಂತೂ ಕಳ್ಳ ಸಿಕ್ಕ. ಸಂಜೆ ಬಾಟಲಿಗೆ ತುಂಬುವಾಗ ಪಟಪಟ ಮುರಿಯುವ ಈರುಳ್ಳಿ, ಬೆಳಿಗ್ಗೆ ನೋಡಿದರೆ ಹಳೇ ಬೆಲ್ಟಿನ ಹಾಗೆ ಬಳುಕುತ್ತಿತ್ತು. ಚಿತ್ರದುರ್ಗದ ಬಿಸಿಲಲ್ಲಿ, ಈ ಗಾಳಿಯಲ್ಲಿ ಒಣಗದಿದ್ದರೆ ಇನ್ನೆಲ್ಲಿ ಒಣಗಬೇಕು ಹೇಳಿ! ಒಂದು ಕೆಜಿ ಸುಲಿದು ಹೆಚ್ಚಿದರೆ ಕೈಗೆ ಬರೋದೇ 100–120 ಗ್ರಾಂ. ಅದೂ ಮೆತ್ತಗಾದರೆ ಹೊಟ್ಟೆ ಉರಿಯಲ್ವಾ?

ಎಲ್ಲರೂ ಬೈದದ್ದು ಮುಚ್ಚಳವನ್ನು. ಸರಿ, ಪರೀಕ್ಷೆ ಮಾಡೋಣ ಅಂತ ಖಾಲಿ ಬಾಟಲಿಗೆ ಬಿಸಿ ಮಾಡಿದ ಸಿಲಿಕಾ ಜೆಲ್ (ತೇವ ಹೀರೋ ಕಾಳು) ಜೊತೆ ತೇವ ಅಳೆಯೋ ಪುಟ್ಟ ಮೀಟರ್ ಇಟ್ಟು ಮುಚ್ಚಿದೆ. ಬೆಳಿಗ್ಗೆಯೂ ಮುಳ್ಳು ಕದಲಿರಲಿಲ್ಲ. ಅದೇ ಮೀಟರನ್ನು ಈರುಳ್ಳಿ ಬಾಟಲಿಗೆ ಇಟ್ಟರೆ ರಾತ್ರಿ ಶೇಕಡಾ 25ರಲ್ಲಿದ್ದ ತೇವ ಬೆಳಿಗ್ಗೆ 50 ದಾಟಿತ್ತು. ಅಂದರೆ ನೀರು ಹೊರಗಿಂದ ಬಂದದ್ದಲ್ಲ, ಒಳಗೇ ಇತ್ತು.

ತಟ್ಟೆಗೆ ಸುರಿದು ಒಂದೊಂದೇ ಚಿವುಟಿ ನೋಡಿದೆ. ಬೇರಿನ ಕಡೆಯ ತುಂಡುಗಳಲ್ಲಿ ಎರಡು ಮೂರು ಪದರ ಒಂದಕ್ಕೊಂದು ಅಂಟಿಕೊಂಡಿದ್ದವು. ಹೊರಗೆ ಗರಿಗರಿ. ಉಗುರಲ್ಲಿ ಸೀಳಿದರೆ ನಡುವೆ ಜಿಗುಟು, ಬೆರಳಿಗೆ ಅಂಟುತ್ತೆ. ಜೋರು ಬಿಸಿಲಿಗೆ ಮೇಲ್ಮೈ ಬೇಗ ಗಟ್ಟಿಯಾಗಿ ಒಳಗಿನ ನೀರಿಗೆ ದಾರಿಯೇ ಇರಲಿಲ್ಲ. ಬಾಟಲಿ ಮುಚ್ಚಿದ ಮೇಲೆ ಆ ನೀರು ನಿಧಾನಕ್ಕೆ ತೆಳ್ಳನೆಯ ತುಂಡುಗಳಿಗೆ ಹಂಚಿಹೋಗುತ್ತಿತ್ತು. ನಾಲ್ಕು ದಪ್ಪ ತುಂಡು ಸಾಕು, ಬಾಟಲಿ ಪೂರ್ತಿ ಹಾಳು.

ಈಗ ಬೇರಿನ ಭಾಗ ಅಡುಗೆಗೆ, ಉಳಿದದ್ದು ಒಣಗಿಸೋಕೆ. ಅರ್ಧ ಒಣಗಿದಾಗ ಎರಡೂ ಅಂಗೈಲಿ ಉಜ್ಜಿ ಪದರ ಬಿಡಿಸುತ್ತೇನೆ. ಕೊನೆಗೆ ಡ್ರೈಯರಿನಲ್ಲಿ 55–60 ಡಿಗ್ರಿ, ಅದಕ್ಕಿಂತ ಜಾಸ್ತಿ ಕೊಟ್ಟರೆ ಕೆಂಪಾಗುತ್ತೆ. ಪೂರ್ತಿ ಆರಿದ ಮೇಲೆ ಬಾಟಲಿಯ ಮುಕ್ಕಾಲು ಭಾಗ ತುಂಬಿ ಒಂದು ವಾರ ದಿನಾ ಕುಲುಕೋದು. ಗಾಜಿನ ಒಳಗೆ ಬೆವರು ಕಂಡರೆ ಮತ್ತೆ ಡ್ರೈಯರಿಗೆ. ಈ ಸಲದ ಮೀಟರ್ 24ರಲ್ಲೇ ಕೂತಿದೆ. ಮನೆಯವರಿಗೆ ಮಾತ್ರ ಖುಷಿ ಇಲ್ಲ, ಒಗೆದ ಬಟ್ಟೆಗೂ ಈರುಳ್ಳಿ ವಾಸನೆಯಂತೆ.

ಸಿಲಿಕಾ ಕಳಿಸಿದ ಪುಣ್ಯಾತ್ಮನ ಕಥೆ ಹೇಳಲೇಬೇಕು. ಆರ್ಡರ್ ಮಾಡಿದ್ದು ಕಿತ್ತಳೆ ಕಾಳು, ಬಂದದ್ದು ನೀಲಿ. ನೀಲಿಯಲ್ಲಿ ಕೋಬಾಲ್ಟ್ ಇರುತ್ತೆ, ತಿನ್ನೋ ಪದಾರ್ಥದ ಹತ್ತಿರಕ್ಕೂ ಬೇಡ. ಅದೂ ಕವರ್ ಹರಿದು ದಾರಿಯಲ್ಲೇ ತೇವ ಕುಡಿದು ಗುಲಾಬಿ ಆಗಿತ್ತು. ಕೇಳಿದ್ದಕ್ಕೆ ‘ಬಣ್ಣದಲ್ಲಿ ಸಣ್ಣ ವ್ಯತ್ಯಾಸ ಸಹಜ ಸರ್’ ಅಂದ!

ಮುಂದಿನ ಯೋಜನೆ ಆಗಲೇ ತಲೆಯಲ್ಲಿ ಓಡುತ್ತಿದೆ: ದಾವಣಗೆರೆ ಹಾಸ್ಟೆಲಿನಲ್ಲಿರುವ ತಂಗಿ ಮಗನಿಗೆ ಒಗ್ಗರಣೆ ಮಂಡಕ್ಕಿಯ ಒಣ ಮಿಕ್ಸು. ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು ರೆಡಿ. ಟೊಮೆಟೊ ಪುಡಿಯದ್ದೇ ಚಿಂತೆ, ಅದು ಈರುಳ್ಳಿಗಿಂತಲೂ ತೇವದಾಸೆಯ ಪ್ರಾಣಿ. ಹುಳಿಗೆ ಸದ್ಯಕ್ಕೆ ಆಮ್‌ಚೂರ್ ಹಾಕಿ ಕಳಿಸುತ್ತೇನೆ.